ಪಕ್ಕದ ಸೈಟಿನಲ್ಲಿ ಮೂರು ಬೇಸ್‌ಮೆಂಟ್ ಅಗೆಯುವ ಮೊದಲು ಹಳೆ ಕಟ್ಟಡದವರು ಏನೇನು ಮಾಡಿಟ್ಟುಕೊಳ್ಳಬೇಕು?

ಕಾಂಪೌಂಡ್‌ಪಕ್ಕ (ಪ್ರಶ್ನೆ)

ನಮಸ್ಕಾರ. ಕಟ್ಟಡ ಕೆಲಸ ಬಲ್ಲವರಿಂದ ಖಚಿತ ಸಲಹೆ ಬೇಕು.

ಆಫೀಸು, ಅಪಾರ್ಟ್‌ಮೆಂಟ್ ಎರಡೂ ಸೇರಿದ ಹೊಸ ಕಟ್ಟಡ ಬರುತ್ತಿದೆ. ಕೆಳಗೆ ಮೂರು ಬೇಸ್‌ಮೆಂಟ್ ಪಾರ್ಕಿಂಗ್, ಅದರ ಮೇಲೆ ಆರು ಮಹಡಿ ಆಫೀಸು, ಅದಕ್ಕೂ ಮೇಲೆ ಒಂಬತ್ತು ಮಹಡಿ ಮನೆಗಳು. ಅಗೆಯುವ ಜಾಗ 60 ಮೀಟರ್ ಉದ್ದ, 40 ಮೀಟರ್ ಅಗಲ, 10 ಮೀಟರ್ ಆಳ. ರಾಫ್ಟ್ (ಕಟ್ಟಡದ ಅಡಿಗೆ ಪೂರ್ತಿ ಹಾಸುವ ಕಾಂಕ್ರೀಟ್ ಪಾಯ) ದಪ್ಪ ಒಂದೂವರೆ ಮೀಟರ್ ಎಂದು ನಕ್ಷೆಯಲ್ಲಿದೆ.

ಪಕ್ಕದಲ್ಲಿರುವುದು ನಾಲ್ಕು ಮಹಡಿಯ ಹಳೆಯ ವಸತಿ ಕಟ್ಟಡ. ಪಿಲ್ಲರ್ ಇಲ್ಲ, ಇಟ್ಟಿಗೆ ಗೋಡೆಗಳೇ ಭಾರ ಹೊರುತ್ತವೆ. ಪಾಯ ಒಂದೂವರೆ ಮೀಟರ್ ಆಳದ್ದು. ಅಗೆತದ ಅಂಚಿನಿಂದ ಅದರ ಗೋಡೆಗೆ ಬರೀ 3 ಮೀಟರ್. ಮೇಲೆ ತುಂಬಿಸಿದ ಮಣ್ಣು, ಕೆಳಗೆ ಜೇಡಿ ಬೆರೆತ ಮರಳು, 4 ಮೀಟರಿಗೆ ನೀರು.

ಬಿಲ್ಡರ್ ಕಡೆಯವರು ‘ಏನೂ ಆಗಲ್ಲ, ಪೂರ್ತಿ ಸೇಫ್’ ಎಂದಷ್ಟೇ ಹೇಳುತ್ತಾರೆ. ಅವರ ಹತ್ತಿರ ಯಾವ ಕಾಗದ ಕೇಳಬೇಕು? ಕೆಲಸ ಶುರುವಾಗುವ ಮೊದಲು ಹಳೆ ಕಟ್ಟಡದವರು ಏನು ಅಳೆದಿಡಬೇಕು? ಎಷ್ಟು ಬಿರುಕು ಬಿಟ್ಟರೆ ಗಾಬರಿಯಾಗಬೇಕು? ಕಟ್ಟಡ ಎದ್ದ ಮೇಲೆ ಬರುವ ವಾಹನ, ಸದ್ದು, ಹೊಗೆಯ ಬಗ್ಗೆ ಈಗಲೇ ಕೇಳಬೇಕಾದದ್ದು ಏನಾದರೂ ಇದೆಯೇ?

---

ಮಣ್ಣಿನಾಳ

ಮೊದಲು ಒಂದು ಗೆರೆ ಎಳೆದು ನೋಡಿ. ಹಳೆ ಪಾಯದ ತಳದಿಂದ ಅಗೆತದ ಕಡೆಗೆ 45 ಡಿಗ್ರಿಯಲ್ಲಿ ಕೆಳಗಿಳಿದರೆ, 3 ಮೀಟರ್ ಆಚೆಗಿನ ಅಗೆತದ ಮುಖವನ್ನು ಆ ಗೆರೆ 4.5 ಮೀಟರ್ ಆಳದಲ್ಲಿ ಮುಟ್ಟುತ್ತದೆ. ಗುಂಡಿ ಹೋಗುವುದು 10 ಮೀಟರಿಗೆ. ಅಂದರೆ ಹಳೆ ಕಟ್ಟಡದ ಭಾರ ಸ್ವಲ್ಪ ಮಟ್ಟಿಗೆ ಆ ಗುಂಡಿಯ ತಡೆಗೋಡೆಯ ಮೇಲೆ ಒರಗುತ್ತದೆ. ಹಾಗಾಗಿ ಮೊದಲು ಕೇಳಬೇಕಾದ ಕಾಗದ ತಡೆಗೋಡೆಯ ಡಿಸೈನ್ ಲೆಕ್ಕ. ಅದರಲ್ಲಿ ‘ಸರ್ಚಾರ್ಜ್’ (ಗುಂಡಿಯ ಪಕ್ಕದ ನೆಲದ ಮೇಲಿರುವ ಭಾರ) ಎಂಬ ಸಾಲು ಹುಡುಕಿ. ರಸ್ತೆ ಪಕ್ಕಕ್ಕೆ ಹಾಕುವ ಹಾಗೆ ಚದರ ಮೀಟರಿಗೆ 10 ಅಥವಾ 20 ಕಿಲೋನ್ಯೂಟನ್ (ಸುಮಾರು ಒಂದು ಅಥವಾ ಎರಡು ಟನ್) ಎಂದು ಸುತ್ತಲೂ ಒಂದೇ ಅಂಕಿ ಹಾಕಿಬಿಟ್ಟಿದ್ದರೆ ನಾಲ್ಕು ಮಹಡಿಯ ಇಟ್ಟಿಗೆ ಕಟ್ಟಡ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ ಎಂದರ್ಥ. ಹಳೆ ಪಾಯದ ನಿಜವಾದ ಭಾರ, ಅದರ ಆಳ, ದೂರ ಮೂರೂ ಬರೆದಿರಬೇಕು. ಪಾಯದ ಆಳವನ್ನು ಊಹೆಯ ಮೇಲೆ ಬಿಡಬೇಡಿ. ಗೋಡೆಯ ಪಕ್ಕ ಒಂದೆರಡು ಕಡೆ ಸಣ್ಣ ಗುಂಡಿ ತೆಗೆದು ಅಳೆಯಲು ಹೇಳಿ.

ಎರಡನೆಯದು, ತಡೆಗೋಡೆ ಯಾವ ಬಗೆಯದು. ನಿಮ್ಮಲ್ಲಿ ನೀರು 4 ಮೀಟರಿಗೇ ಇದೆ, ಮಣ್ಣಿನಲ್ಲಿ ಮರಳಿದೆ. ಇಂಥ ಕಡೆ ಬಿಡಿಬಿಡಿಯಾಗಿ ಕೊರೆದು ನಿಲ್ಲಿಸುವ ಪೈಲ್ (ನೆಲದೊಳಗಿನ ಕಾಂಕ್ರೀಟ್ ಕಂಬ) ಸಾಲು ನನಗೆ ಒಪ್ಪಿಗೆಯಿಲ್ಲ. ಎರಡು ಪೈಲುಗಳ ನಡುವೆ ಉಳಿಯುವ ಸಂದಿಯಿಂದ ನೀರಿನ ಜೊತೆ ಮರಳೂ ಒಳಗೆ ಹರಿದುಬರುತ್ತದೆ. ಹರಿದುಬಂದ ಮರಳಿನಷ್ಟೇ ಟೊಳ್ಳು ಹಳೆ ಪಾಯದ ಕಡೆ ಆಗಿರುತ್ತದೆ. ಒಂದರೊಳಗೊಂದು ಕಚ್ಚಿಕೊಳ್ಳುವ ಸೀಕೆಂಟ್ ಪೈಲ್ ಅಥವಾ ಡಯಾಫ್ರಂ ಗೋಡೆಯೇ (ನೆಲದೊಳಗೆ ಎರಕ ಹೊಯ್ದ ಕಾಂಕ್ರೀಟ್ ಗೋಡೆ) ಬೇಕು. ಅದೂ ಗುಂಡಿಯ ತಳಕ್ಕೆ ನಿಲ್ಲದೆ, ನೀರು ಅಡಿಯಿಂದ ಸುತ್ತಿ ಒಳಗೆ ಬರದಷ್ಟು ಆಳಕ್ಕೆ ಇಳಿಯಬೇಕು. ಸಾಧ್ಯವಾದರೆ ನೀರು ಬಿಡದ ಪದರಕ್ಕೆ ಹೋಗಿ ನಾಟಬೇಕು.

ಎಷ್ಟು ಕುಸಿಯಬಹುದು ಎಂಬ ಅಂದಾಜಿಗೆ ಒಂದೆರಡು ಹಳೆಯ ಅಳತೆಗೋಲುಗಳಿವೆ. ಗಟ್ಟಿ ಜೇಡಿ, ಮರಳು ಮಣ್ಣುಗಳಲ್ಲಿ ಸರಿಯಾಗಿ ಊರೆ (ತಡೆಗೋಡೆ ಬಾಗದಂತೆ ಆಧಾರ) ಕೊಟ್ಟು ಮಾಡಿದ ಅಗೆತಗಳ ಅಳತೆಗಳನ್ನು ಕ್ಲಾಫ್ ಮತ್ತು ಓ’ರೂರ್ಕ್ 1990ರಲ್ಲಿ ಒಟ್ಟು ಮಾಡಿದಾಗ, ಗೋಡೆಯ ಅಡ್ಡ ಸರಿತ ಸರಾಸರಿ ಆಳದ ಶೇ 0.2, ನೆಲದ ಕುಸಿತ ಶೇ 0.15ರ ಆಸುಪಾಸು ಬಂತು. ನಿಮ್ಮ 10 ಮೀಟರಿಗೆ 15 ಮಿಲಿಮೀಟರ್ ಕುಸಿತ. ಮರಳಿನಲ್ಲಿ ಅದು ಆಳದ ಎರಡು ಪಟ್ಟು ದೂರಕ್ಕೆ, ಅಂದರೆ 20 ಮೀಟರಿಗೆ, ಇಳಿಜಾರಾಗಿ ಹರಡುತ್ತದೆ ಎಂದುಕೊಳ್ಳಿ. 20 ಮೀಟರಿಗೆ 15 ಮಿ.ಮೀ. ಎಂದರೆ 1,300ಕ್ಕೆ 1ರಷ್ಟು ಓರೆ. ಗೋಡೆಗಳಲ್ಲಿ ಬಿರುಕು ಕಾಣಿಸತೊಡಗುವುದು ಸಾಮಾನ್ಯವಾಗಿ 300ಕ್ಕೆ 1ರ ಹತ್ತಿರ. ಬಿರುಕೇ ಬರಬಾರದು ಎಂದರೆ 500ಕ್ಕೆ 1 ದಾಟಬಾರದು. ಆದ್ದರಿಂದ ಚೊಕ್ಕವಾಗಿ ಮಾಡಿದರೆ ಹಳೆ ಕಟ್ಟಡ ತಡೆದುಕೊಳ್ಳುತ್ತದೆ. ಕೆಲಸ ಕೆಟ್ಟು ಕುಸಿತ ಆಳದ ಶೇ 1ಕ್ಕೆ ಹೋದರೆ 100 ಮಿ.ಮೀ., ಓರೆ 200ಕ್ಕೆ 1. ಆಗ ಇಟ್ಟಿಗೆ ಗೋಡೆ ಸೀಳದೆ ಇರುವುದಿಲ್ಲ. ಇದು ಬರೀ ಕುಸಿತದ ಲೆಕ್ಕ, ನೆಲ ಗುಂಡಿಯ ಕಡೆಗೆ ಅಡ್ಡಡ್ಡ ಎಳೆಯುವುದೂ ಇದರ ಜೊತೆ ಸೇರುತ್ತದೆ. ಇಟ್ಟಿಗೆ ಗೋಡೆಗೆ ಆ ಎಳೆತ ಕುಸಿತಕ್ಕಿಂತ ಕೆಟ್ಟದ್ದು.

ಕೆಲಸ ಕೆಡುವುದು ಹೆಚ್ಚಾಗಿ ಎಲ್ಲಿ? ಊರೆ ಕೊಡುವ ಮೊದಲೇ ಮುಂದಿನ ಹಂತ ಅಗೆದುಬಿಡುವುದರಲ್ಲಿ. ಉಕ್ಕಿನ ಅಡ್ಡದಿಮ್ಮಿ ಬಂದಿಲ್ಲ, ಆದರೆ ಯಂತ್ರ, ಲಾರಿ ಎರಡೂ ನಿಂತಿವೆ ಎಂದು ಇನ್ನೊಂದೂವರೆ ಮೀಟರ್ ಕೆಳಗೆ ತೋಡುತ್ತಾರೆ. ಗೋಡೆ ಅಷ್ಟುದ್ದ ಊರೆಯಿಲ್ಲದೆ ಬಾಗುತ್ತದೆ. ಆಮೇಲೆ ದಿಮ್ಮಿ ಹಾಕಿದರೂ ಬಾಗಿದ್ದು ವಾಪಸ್ ಬರುವುದಿಲ್ಲ. ಅದಕ್ಕೇ ಹಂತವಾರು ನಕ್ಷೆ ಕೇಳಿ: ಯಾವ ಮಟ್ಟಕ್ಕೆ ಅಗೆತ, ಆಗ ಯಾವ ಊರೆ ಸೇರಿರಬೇಕು, ಅದರ ಕೆಳಗೆ ಹೆಚ್ಚೆಂದರೆ ಎಷ್ಟು ತೋಡಬಹುದು. ಅರ್ಧ ಮೀಟರಿಗಿಂತ ಹೆಚ್ಚು ಬಿಡಬೇಡಿ.

ಅಡ್ಡದಿಮ್ಮಿಯ ಬದಲು ನೆಲದೊಳಗೆ ಆಂಕರ್ (ತಡೆಗೋಡೆಯನ್ನು ಹಿಂದಿನ ಮಣ್ಣಿಗೆ ಬಿಗಿಯುವ ಉಕ್ಕಿನ ಹುರಿ) ಹೊಡೆಯುತ್ತೇವೆ ಎಂದರೆ ಎಚ್ಚರ. ಆ ಉಕ್ಕಿನ ಹುರಿಗಳು ಗಡಿ ದಾಟಿ ಹಳೆ ಕಟ್ಟಡದ ಅಡಿಗೇ ಬರುತ್ತವೆ. ಲಿಖಿತ ಒಪ್ಪಿಗೆ ಇಲ್ಲದೆ ಬರುವಂತಿಲ್ಲ. ಒಪ್ಪುವುದಾದರೆ ಕೊಳವೆಬಾವಿ, ಒಳಚರಂಡಿ ಎಲ್ಲಿವೆ ಎಂದು ತೋರಿಸಿಕೊಟ್ಟು, ಪ್ರತಿ ಆಂಕರಿನ ಕೋನ, ಉದ್ದ ನಕ್ಷೆಯಲ್ಲಿ ಬರೆಸಿಕೊಳ್ಳಿ.

ಈಗ ನೀರು. ನನ್ನ ಪ್ರಕಾರ ನಿಮ್ಮ ಸೈಟಿನಲ್ಲಿ ಗೋಡೆಗಿಂತ ದೊಡ್ಡ ಅಪಾಯ ಇದೇ. ಗುಂಡಿ ಒಣಗಿರಲು ನೀರನ್ನು ಅದರ ತಳಕ್ಕಿಂತ ಸುಮಾರು ಒಂದು ಮೀಟರ್ ಕೆಳಗೆ, ಅಂದರೆ 11 ಮೀಟರಿಗೆ ಇಳಿಸಬೇಕು. 4ರಿಂದ 11ಕ್ಕೆ, 7 ಮೀಟರ್. ನೀರು ಒಂದು ಮೀಟರ್ ಇಳಿದರೆ ಮಣ್ಣಿನ ಕಣಗಳ ಮೇಲೆ ಚದರ ಮೀಟರಿಗೆ ಸುಮಾರು ಒಂದು ಟನ್ ಭಾರ ಹೆಚ್ಚುತ್ತದೆ, ಏಕೆಂದರೆ ಅಲ್ಲಿಯವರೆಗೆ ನೀರು ಎತ್ತಿಹಿಡಿದಿದ್ದನ್ನು ಈಗ ಮಣ್ಣೇ ಹೊರಬೇಕು. 7 ಮೀಟರಿಗೆ 7 ಟನ್. ಈ ಇಳಿತ ಹಳೆ ಕಟ್ಟಡದ ಅಡಿಗೂ ಹಬ್ಬಿದರೆ ಅಲ್ಲಿಯ ಮಣ್ಣು ಹಿಂಡಿಕೊಳ್ಳುತ್ತದೆ, ಅದರಲ್ಲೂ ಜೇಡಿಪದರ ತಿಂಗಳುಗಟ್ಟಲೆ. ಹಾಗಾಗಿ ಪಂಪು ಗುಂಡಿಯ ಒಳಗಿನ ನೀರನ್ನಷ್ಟೇ ಎತ್ತಬೇಕು, ಗಡಿಯ ಆಚೆ ನೀರಿನ ಮಟ್ಟ ಹಾಗೇ ಉಳಿಯಬೇಕು. ಅದು ಉಳಿದಿದೆಯೇ ಎಂದು ನೋಡಲು ಗಡಿಯ ಹಳೆ ಕಟ್ಟಡದ ಕಡೆ ಕನಿಷ್ಠ ಎರಡು ನೀರಳತೆ ಕೊಳವೆಗಳನ್ನು ಅಗೆತಕ್ಕೆ ಮೊದಲೇ ಹಾಕಿಸಿ. ಮಟ್ಟ ಬೀಳತೊಡಗಿದರೆ ಎತ್ತಿದ ನೀರನ್ನೇ ಇಂಗುಬಾವಿಯ ಮೂಲಕ ಈಚೆ ಕಡೆ ವಾಪಸ್ ಕೊಡುವ ಏರ್ಪಾಡು ಮೊದಲೇ ಇರಬೇಕು.

ಒಂದು ಸುಲಭ ಪರೀಕ್ಷೆ, ಯಾರಾದರೂ ಮಾಡಬಹುದು. ಪಂಪಿನ ಪೈಪಿನಿಂದ ಬೀಳುವ ನೀರನ್ನು ಬಿಳಿ ಬಕೆಟ್ಟಿನಲ್ಲಿ ಹಿಡಿದು ಅರ್ಧ ಗಂಟೆ ಅಲುಗಿಸದೆ ಇಡಿ. ತಳದಲ್ಲಿ ಕೈಗೆ ಹರಳುಹರಳಾಗಿ ತಾಗುವ ಮರಳು ಕೂತಿದ್ದರೆ ನೆಲವೇ ಸೋರಿ ಹೋಗುತ್ತಿದೆ. ಪಂಪು ಹಾಕಿದ ಮೊದಲ ಒಂದೆರಡು ಗಂಟೆ ಸ್ವಲ್ಪ ಕದಡು ಬರುವುದು ಸಹಜ. ಮಾರನೆಯ ದಿನವೂ ಬಂದರೆ ಬಾವಿಯ ಸುತ್ತಲಿನ ಜಲ್ಲಿ ಸೋಸುಪದರ ಸರಿಯಿಲ್ಲ. ಆ ಪಂಪು ನಿಲ್ಲಿಸಿ ಬೇರೆ ಬಾವಿ ತೆಗೆಯಬೇಕು.

---

ಗಾರೆಕರಣೆ

ಇಷ್ಟೆಲ್ಲ ಯಾಕೆ ಸರ್. ಈಗಿರೋ ಬಿರುಕುಗಳ ಮೇಲೆ ಗಾಜಿನ ಪಟ್ಟಿ ಸಿಮೆಂಟಲ್ಲಿ ಅಂಟಿಸಿಬಿಡಿ. ಗಾಜು ಒಡೀತು ಅಂದ್ರೆ ಗೋಡೆ ಅಲುಗಿದೆ ಅಂತ ಲೆಕ್ಕ. ಎಲ್ಲ ಕಡೆ ಮಾಡೋದು ಇದನ್ನೇ.

---

ಅಳತೆಪಟ್ಟಿ

@ಗಾರೆಕರಣೆ, ಗಾಜಿನ ಪಟ್ಟಿಯ ಕಷ್ಟ ಏನೆಂದರೆ, ಒಡೆದಿದೆ ಎಂದಷ್ಟೇ ಅದು ಹೇಳುತ್ತದೆ. ಯಾವಾಗ, ಎಷ್ಟು, ಯಾವ ಕಡೆಗೆ ಎಂದು ಹೇಳುವುದಿಲ್ಲ. ಬಿಸಿಲಿಗೂ ಒಡೆಯುತ್ತದೆ. ಅಂಟು ಬಿಟ್ಟುಕೊಂಡರೆ ಗೋಡೆ ಅಲುಗಿದರೂ ಒಡೆಯುವುದಿಲ್ಲ. ವಾದ ಬಂದ ದಿನ ಅದು ಯಾವ ಕಡೆಯವರಿಗೂ ಸಾಕ್ಷಿಯಾಗದು.

ಅದಕ್ಕಿಂತ ಕಡಿಮೆ ಖರ್ಚಿನ, ಹೆಚ್ಚು ನಿಖರವಾದ ದಾರಿ ಮೂರು ಸ್ಕ್ರೂ. ಬಿರುಕಿನ ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು, ತ್ರಿಕೋನದ ಮೂಲೆಗಳ ಹಾಗೆ, ಸುಮಾರು 100 ಮಿ.ಮೀ. ಅಂತರದಲ್ಲಿ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಕೂರಿಸಿ. ಕಬ್ಬಿಣದ್ದಾದರೆ ತುಕ್ಕು ಹಿಡಿದು ಅಳತೆ ಕೆಡುತ್ತದೆ. ಸ್ಕ್ರೂ ಗಾರೆಯಲ್ಲಿ ನಿಲ್ಲದೆ ಇಟ್ಟಿಗೆಗೇ ಕಚ್ಚಬೇಕು, ಗಾರೆ ಕಳಚಿಕೊಂಡರೆ ಅಳೆದದ್ದೆಲ್ಲ ವ್ಯರ್ಥ. ವರ್ನಿಯರ್ ಕ್ಯಾಲಿಪರ್ಸ್‌ನಿಂದ ಮೂರೂ ಬದಿ ಅಳೆದರೆ ಬಿರುಕು ಅಗಲವಾಗಿದೆಯೋ, ಉದ್ದಕ್ಕೆ ಜಾರಿದೆಯೋ ಎರಡೂ 0.1 ಮಿ.ಮೀ.ವರೆಗೆ ಗೊತ್ತಾಗುತ್ತದೆ. ಪ್ರತಿ ಸಲ ಒಬ್ಬರೇ, ಅದೇ ಕ್ಯಾಲಿಪರ್ಸ್‌ನಿಂದ, ದಿನದ ಅದೇ ಹೊತ್ತಿಗೆ ಅಳೆಯಬೇಕು. ಬೆಳಿಗ್ಗೆ ಏಳಕ್ಕೂ ಮಧ್ಯಾಹ್ನ ಮೂರಕ್ಕೂ ಬಿಸಿಲು ಬೀಳುವ ಗೋಡೆಯ ಬಿರುಕು ತಾನಾಗಿಯೇ ಹಿಗ್ಗಿ ಕುಗ್ಗುತ್ತದೆ. ಅಳತೆಯ ಪಕ್ಕ ಉಷ್ಣಾಂಶವನ್ನೂ ಬರೆಯಿರಿ.

ಇದನ್ನು ಅಗೆತಕ್ಕೆ ಹಿಂದಿನ ವಾರ ಶುರು ಮಾಡಿದರೆ ಸಾಲದು. ಕನಿಷ್ಠ ಎರಡು ತಿಂಗಳು ಮೊದಲೇ ವಾರಕ್ಕೊಮ್ಮೆ ಅಳೆಯಬೇಕು. ಏನೂ ಕೆಲಸ ನಡೆಯದಿರುವಾಗ ಆ ಬಿರುಕು ಎಷ್ಟು ಆಡುತ್ತದೆ ಎಂಬುದೇ ನಿಮ್ಮ ಮೂಲ ಅಳತೆ. ಅದು ಇಲ್ಲದಿದ್ದರೆ ಮುಂದೆ ಬರುವ 0.3 ಮಿ.ಮೀ.ಗೆ ಅರ್ಥವೇ ಇರುವುದಿಲ್ಲ.

ಅದರ ಜೊತೆಗೆ ಪೂರ್ತಿ ಕಟ್ಟಡದ ಸ್ಥಿತಿ ದಾಖಲೆ. ಪ್ರತಿ ಕೋಣೆಯ ನಾಲ್ಕು ಗೋಡೆ, ಸೂರು, ನೆಲ. ಮೊದಲು ಕೋಣೆಯ ಅಗಲ ಫೋಟೊ, ಆಮೇಲೆ ಬಿರುಕಿನ ಹತ್ತಿರದ ಫೋಟೊ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಅಡ್ಡಗೆರೆ, ದಿನಾಂಕ. ಮುಂದೆ ಬಿರುಕು ಆ ಗೆರೆ ದಾಟಿದರೆ ಯಾರೂ ಅಲ್ಲಗಳೆಯುವಂತಿಲ್ಲ. ಜನ ಮರೆಯುವ ಜಾಗಗಳು: ಮೆಟ್ಟಿಲ ಕೆಳಭಾಗ, ಚಾವಣಿಯ ಪ್ಯಾರಾಪೆಟ್, ನೀರಿನ ಟ್ಯಾಂಕಿನ ತಳ, ಲಿಫ್ಟ್ ಗುಂಡಿ, ಕಾಂಪೌಂಡ್ ಗೋಡೆ, ಹೊರಗಿನ ಕಟ್ಟೆ ಗೋಡೆಗೆ ಸೇರುವ ಸಂದು. ಎಲ್ಲ ಬಾಗಿಲು ಕಿಟಕಿ ಒಮ್ಮೆ ತೆರೆದು ಮುಚ್ಚಿ, ಯಾವುದು ಈಗಾಗಲೇ ಹಿಡಿಯುತ್ತದೆ ಎಂದು ಬರೆಯಿರಿ. ಚೌಕಟ್ಟು ಓರೆಯಾಗುವುದು ಗೋಡೆಯ ಬಿರುಕಿಗಿಂತ ಎಷ್ಟೋ ಸಲ ಮೊದಲು ಗೊತ್ತಾಗುತ್ತದೆ.

ನೆಲದಡಿಯ ಚರಂಡಿ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡಿಸುವುದನ್ನು ಬಿಡಲೇಬೇಡಿ. ನೆಲ 10 ಮಿ.ಮೀ. ಕುಸಿದರೆ ಗೋಡೆಗೆ ಏನೂ ಆಗದಿರಬಹುದು, ಹಳೆಯ ಮಣ್ಣಿನ ಪೈಪಿನ ಜೋಡಣೆ ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಸೋರಿದ ನೀರು ಪಾಯದ ಅಡಿಯ ಮರಳನ್ನು ಕೊಚ್ಚುತ್ತದೆ, ಆಮೇಲೆ ಬರುವ ಕುಸಿತಕ್ಕೆ ಕಾರಣ ಯಾರು ಎಂಬ ಜಗಳ ಬಗೆಹರಿಯುವುದೇ ಇಲ್ಲ.

ದಾಖಲೆಯ ಪ್ರತಿ ಪುಟಕ್ಕೂ ಎರಡೂ ಕಡೆಯವರ ಸಹಿ ಇರಲಿ. ಬಿಲ್ಡರ್ ನೇಮಿಸಿದ ಸರ್ವೆಯವರು ಮಾಡಿದರೂ ಸರಿ, ಆದರೆ ಒಂದು ಪ್ರತಿ ಅಂದೇ ಕೈಗೆ ಬರಬೇಕು.

ಹೊರಗೋಡೆಯ ಬುಡದಲ್ಲಿ ಐದಾರು ಲೆವೆಲ್ ಗುರುತುಗಳನ್ನೂ (ಗೋಡೆ ಎಷ್ಟು ಇಳಿಯಿತು ಎಂದು ಅಳೆಯಲು) ಹಾಕಿಸಬೇಕು. ಅವುಗಳನ್ನು ಹೋಲಿಸುವ ಮೂಲ ಗುರುತು ಅಗೆತದಿಂದ 30 ಮೀಟರಿಗಿಂತ ಆಚೆ ಇರಬೇಕು. ಎದುರಿನ ಫುಟ್‌ಪಾತಿನ ಮೇಲೆ ಮೂಲ ಗುರುತು ಇಟ್ಟರೆ ಅದೂ ಜೊತೆಗೇ ಇಳಿಯುತ್ತದೆ, ಪುಸ್ತಕದಲ್ಲಿ ಮಾತ್ರ ಎಲ್ಲ ಸೊನ್ನೆ.

ಎಷ್ಟಕ್ಕೆ ಗಾಬರಿ ಎಂದು ಕೇಳಿದಿರಿ. ಬಿರುಕಿನ ಅಗಲದ ಮೇಲೆ ಸಾಮಾನ್ಯವಾಗಿ ಹೀಗೆ ವಿಂಗಡಿಸುತ್ತಾರೆ: 0.1 ಮಿ.ಮೀ.ಗಿಂತ ಕಡಿಮೆ ಕೂದಲೆಳೆ, ಲೆಕ್ಕಕ್ಕಿಲ್ಲ. 1 ಮಿ.ಮೀ.ವರೆಗೆ ಬಣ್ಣ ಹೊಡೆಯುವಾಗ ಮುಚ್ಚಿಹೋಗುವಂಥದ್ದು. 5 ಮಿ.ಮೀ.ವರೆಗೆ ತುಂಬಿಸಿ ಸರಿಮಾಡಬಹುದು, ಬಾಗಿಲು ಕಿಟಕಿ ಸ್ವಲ್ಪ ಹಿಡಿಯಬಹುದು. 5ರಿಂದ 15 ಮಿ.ಮೀ. ಆದರೆ ಗೋಡೆಯನ್ನು ಅಲ್ಲಲ್ಲಿ ಬಿಚ್ಚಿ ಕಟ್ಟಬೇಕು, ಪೈಪುಗಳು ಒಡೆದಿರುವ ಸಾಧ್ಯತೆ ಇದೆ. 15ರಿಂದ 25 ತೀವ್ರ, ಅದಕ್ಕೂ ಮೇಲೆ ಕಟ್ಟಡ ನಿಲ್ಲುವುದೇ ಅನುಮಾನ. ಆದರೆ ಅಗಲಕ್ಕಿಂತ ವೇಗ ಮುಖ್ಯ. ಹಳೆಯ 4 ಮಿ.ಮೀ. ಬಿರುಕು ವರ್ಷದಿಂದ ಹಾಗೇ ಇದ್ದರೆ ಇರಲಿ ಬಿಡಿ. ನಿನ್ನೆ ಇಲ್ಲದ 1 ಮಿ.ಮೀ. ಬಿರುಕು ಈ ದಿನ ಬಂದಿದ್ದರೆ ತಕ್ಷಣ ಕೆಲಸ ನಿಲ್ಲಿಸಿ ನೋಡಬೇಕು.

---

ಕಾಂಪೌಂಡ್‌ಪಕ್ಕ

ತುಂಬಾ ಉಪಕಾರವಾಯಿತು. ಇನ್ನೆರಡು ಪ್ರಶ್ನೆ. ಪೈಲ್ ಬಡಿಯುವುದಿಲ್ಲ, ಕೊರೆಯುತ್ತೇವೆ, ಹಾಗಾಗಿ ಅದುರುವುದೇ ಇಲ್ಲ ಎನ್ನುತ್ತಾರೆ. ನಿಜವೇ? ಒಪ್ಪಂದದಲ್ಲಿ ‘ಮಿತಿ ಮೀರಿದರೆ ಕ್ರಮ ಕೈಗೊಳ್ಳಲಾಗುವುದು’ ಎಂಬ ಸಾಲಿದೆ. ಅಷ್ಟು ಸಾಕೇ?

---

ಮಣ್ಣಿನಾಳ

ಕೊರೆಯುವ ಪೈಲ್ ಬಡಿಯುವುದಕ್ಕಿಂತ ಬಹಳ ಮೃದು, ಅದು ನಿಜ. ಆದರೆ ಕೊರೆದ ರಂಧ್ರ ಕುಸಿಯದಂತೆ ಇಳಿಸುವ ಉಕ್ಕಿನ ಕೇಸಿಂಗನ್ನು ಅದುರಿಸುವ ಯಂತ್ರದಿಂದ ಇಳಿಸುತ್ತಾರೋ, ತಿರುಗಿಸಿ ಒತ್ತಿ ಇಳಿಸುತ್ತಾರೋ ಎಂದು ಕೇಳಿ. ಎರಡನೆಯದೇ ಬೇಕು. ತಳದಲ್ಲಿ ಬಂಡೆ ಸಿಕ್ಕಿದರೆ ಅದನ್ನು ಒಡೆಯುವ ಬ್ರೇಕರ್ ಬರುತ್ತದೆ. ಕೊನೆಯಲ್ಲಿ ಬೇಸ್‌ಮೆಂಟ್ ಸುತ್ತ ಮಣ್ಣು ತುಂಬಿ ಗಟ್ಟಿ ಮಾಡುವಾಗ ವೈಬ್ರೇಟರ್ ರೋಲರ್ ಬರುತ್ತದೆ, ಅದೂ ಗಡಿಯ ಪಕ್ಕದಲ್ಲೇ. ಅಲ್ಲಿ ಅದುರು ಆಫ್ ಮಾಡಿ ಬರೀ ತೂಕದಿಂದ ಉರುಳಿಸಬೇಕು, ಪದರ ತೆಳುವಾಗಿರಬೇಕು.

ಜರ್ಮನಿಯ ಡಿಐಎನ್ 4150 ಮಾನದಂಡದಂತೆ ಮನೆಗಳ ಪಾಯದಲ್ಲಿ ಅಳೆದ ಅದುರು, 10 ಹರ್ಟ್ಸ್‌ಗಿಂತ (ಸೆಕೆಂಡಿಗೆ 10 ಕಂಪನ) ಕೆಳಗೆ ಸೆಕೆಂಡಿಗೆ 5 ಮಿ.ಮೀ. ಮೀರಬಾರದು. ಸೂಕ್ಷ್ಮವಾದ ಹಳೆ ಕಟ್ಟಡಗಳಿಗೆ 3. ನಿಮ್ಮದಕ್ಕೆ 3 ಎಂದೇ ಬರೆಸಿ. ಮನುಷ್ಯರಿಗೆ ಸುಮಾರು 0.3ಕ್ಕೇ ಅದುರು ಗೊತ್ತಾಗುತ್ತದೆ, ಅಂದರೆ ಗೋಡೆಗೆ ತೊಂದರೆಯಾಗುವ ಮಟ್ಟಕ್ಕಿಂತ ಬಹಳ ಮೊದಲೇ. ಆದ್ದರಿಂದ ಪಾತ್ರೆ ಗಲಗಲ ಎಂದ ತಕ್ಷಣ ಗೋಡೆ ಹೋಯಿತು ಎಂದುಕೊಳ್ಳಬೇಕಿಲ್ಲ. ಮೀಟರನ್ನು ಪಾಯದ ಮಟ್ಟದಲ್ಲಿ, ಅಗೆತಕ್ಕೆ ಹತ್ತಿರದ ಮೂಲೆಯಲ್ಲಿ ಇಡಿಸಿ, ದಿನದ ದಾಖಲೆ ತರಿಸಿಕೊಳ್ಳಿ.

ಒಪ್ಪಂದದ ಆ ಸಾಲು ಏನೇನೂ ಸಾಲದು. ಯಾವ ಮಿತಿ, ಏನು ಕ್ರಮ, ಯಾರು, ಎಷ್ಟು ಹೊತ್ತಿನೊಳಗೆ, ನಾಲ್ಕೂ ಬೇಕು. ಡಿಸೈನಿನಲ್ಲಿ 15 ಮಿ.ಮೀ. ಕುಸಿತ ಅಂದಾಜಿಸಿದ್ದರೆ, 10ಕ್ಕೆ ಹಳದಿ, 15ಕ್ಕೆ ಕೆಂಪು ಎಂದು ಬರೆಯಿರಿ. ಹಳದಿ ಬಂದರೆ ವಾರದ ಅಳತೆ ದಿನದ ಅಳತೆಯಾಗಬೇಕು, ಡಿಸೈನ್ ಮಾಡಿದವರೇ ಬಂದು ಲೆಕ್ಕ ಮತ್ತೆ ನೋಡಬೇಕು. ಕೆಂಪಿಗೆ ಅಗೆತ ಆ ಕ್ಷಣವೇ ನಿಲ್ಲಬೇಕು, ಹೆಚ್ಚುವರಿ ಊರೆ ಹಾಕಬೇಕು ಅಥವಾ ಗೋಡೆಯ ಬುಡಕ್ಕೆ ಮಣ್ಣು ವಾಪಸ್ ತುಂಬಿ ಒತ್ತುಕೊಡಬೇಕು. ಆ ಮಣ್ಣು, ಆ ಉಕ್ಕಿನ ದಿಮ್ಮಿ ಸೈಟಿನಲ್ಲೇ ತಯಾರಿರಬೇಕು. ಬೇರೆ ಕಡೆಯಿಂದ ತರಿಸುವಷ್ಟರಲ್ಲಿ ಗೋಡೆ ಕಾಯುವುದಿಲ್ಲ.

---

ರಸ್ತೆಲೆಕ್ಕ

ಲಾರಿಯ ಲೆಕ್ಕ ಯಾರೂ ಹಾಕಿಲ್ಲ, ನಾನು ಹಾಕುತ್ತೇನೆ. 60 × 40 × 10 = 24,000 ಘನ ಮೀಟರ್ ಮಣ್ಣು. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತೆ, ಕಾಲು ಭಾಗ ಸೇರಿಸಿದರೆ 30,000. ಟಿಪ್ಪರಿಗೆ 10 ಘನ ಮೀಟರ್ ಅಂದರೆ 3,000 ಲೋಡು. ನೂರು ದಿನದಲ್ಲಿ ಮುಗಿಸ್ತೀವಿ ಅಂದರೆ ದಿನಕ್ಕೆ 30, ಎಂಟು ಗಂಟೆಗೆ ಹಂಚಿದರೆ 16 ನಿಮಿಷಕ್ಕೊಂದು ಲೋಡು. ಖಾಲಿ ಬರೋದೂ ಸೇರಿಸಿ ಗೇಟಿನ ಮುಂದೆ 8 ನಿಮಿಷಕ್ಕೊಂದು ಲಾರಿ. ನೂರು ದಿನವನ್ನ ಐವತ್ತಕ್ಕೆ ಇಳಿಸ್ತೀವಿ ಅಂತ ಹೇಳಿದರೆ ಅದು 4 ನಿಮಿಷಕ್ಕೊಂದು ಆಗುತ್ತೆ ಅಂತ ನೆನಪಿರಲಿ. ಗೇಟಿನ ಒಳಗೆ ಚಕ್ರ ತೊಳೆಯುವ ಜಾಗ, ಕನಿಷ್ಠ ಎರಡು ಲಾರಿ ನಿಲ್ಲುವಷ್ಟು ಜಾಗ ಇದೆಯಾ ನೋಡಿ. ಇಲ್ಲದಿದ್ದರೆ ಲಾರಿ ರಸ್ತೆಯಲ್ಲೇ ಸಾಲು ನಿಲ್ಲುತ್ತೆ, ಕೆಸರೂ ರಸ್ತೆಗೇ.

ರಾಫ್ಟ್ 3,600 ಘನ ಮೀಟರ್. ನಾಲ್ಕು ಭಾಗ ಮಾಡಿ ಹಾಕಿದರೂ ಒಂದು ಸಲಕ್ಕೆ 900, 6 ಘನ ಮೀಟರಿನ ಮಿಕ್ಸರ್ ಲಾರಿ 150. ಗಂಟೆಗೆ 40 ಘನ ಮೀಟರ್ ತಳ್ಳುವ ಎರಡು ಪಂಪು ಇಟ್ಟರೂ 11 ಗಂಟೆಗೆ ಮೇಲೆ ಹಿಡಿಯುತ್ತೆ. ನಡುವೆ ನಿಲ್ಲಿಸೋ ಹಾಗಿಲ್ಲ, ನಿಲ್ಲಿಸಿದರೆ ಹಳೆ ಕಾಂಕ್ರೀಟಿಗೆ ಹೊಸದು ಅಂಟದೆ ಆ ಸಂದಿಯಲ್ಲೇ ಮುಂದೆ ನೀರು ಸೋರುತ್ತೆ. ಅಂದರೆ ಆ ನಾಲ್ಕು ದಿನ ರಾತ್ರಿ ಕೆಲಸ ಆಗೇ ಆಗುತ್ತೆ. ಬೇಡ ಅನ್ನೋದಕ್ಕಿಂತ ದಿನಾಂಕವನ್ನ ಒಂದು ವಾರ ಮೊದಲು ಕೊಡಿ ಅಂತ ಕೇಳೋದು ಒಳ್ಳೇದು. ಉಳಿದ ರಾತ್ರಿಗಳಿಗೆ ಬೇಡ ಅಂತ ಖಡಾಖಂಡಿತ ಬರೆಸಿ.

ಕಟ್ಟಡ ಮುಗಿದ ಮೇಲಿನದು. ಓಡುದಾರಿ, ರ‍್ಯಾಂಪು ಸೇರಿ ಕಾರಿಗೆ 30ರಿಂದ 35 ಚದರ ಮೀಟರ್ ಬೇಕು. ಮೂರು ಬೇಸ್‌ಮೆಂಟಿಗೆ 200ರಿಂದ 240 ಕಾರು. ಆಫೀಸು, ಮನೆ ಒಟ್ಟಿಗೆ ಇರೋ ಕಟ್ಟಡದಲ್ಲಿ ಬೆಳಿಗ್ಗೆ ಒಂದೇ ಹೊತ್ತಿಗೆ ಆಫೀಸಿನವರು ಒಳಗೆ, ಮನೆಯವರು ಹೊರಗೆ. ಒಂದೇ ಸಾಲಿನ ರ‍್ಯಾಂಪಿಗೆ ಸಿಗ್ನಲ್ ಹಾಕ್ತೀವಿ ಅಂದರೆ ಒಪ್ಪಬೇಡಿ, ಅದು ಆ ಒಂದು ಗಂಟೆಯಲ್ಲೇ ಕಟ್ಟಿಕೊಳ್ಳುತ್ತೆ. ಹೋಗೋಕೆ ಬರೋಕೆ ಬೇರೆ ಬೇರೆ ಸಾಲು ಬೇಕು.

ಎಲ್ಲಕ್ಕಿಂತ ಮುಖ್ಯ ಗೇಟಿನ ತಡೆಕಂಬ ಎಲ್ಲಿದೆ ಅನ್ನೋದು. ಹದಿನೈದು ನಿಮಿಷದಲ್ಲಿ 50 ಕಾರು ಬಂತು ಅಂದುಕೊಳ್ಳಿ. ಸೆಕ್ಯುರಿಟಿಯವರು ಪುಸ್ತಕದಲ್ಲಿ ನಂಬರ್ ಬರೆದು ಬಿಡೋಕೆ ಕಾರಿಗೆ 30 ಸೆಕೆಂಡು ಆದರೆ ಒಳಗೆ ಹೋಗೋದು 30 ಕಾರು, 20 ಹೊರಗೆ. ಕಾರಿಗೆ 6 ಮೀಟರ್ ಅಂದರೆ ರಸ್ತೆಯಲ್ಲಿ 120 ಮೀಟರ್ ಸಾಲು. ಅದೇ ಕಾರ್ಡ್ ಓದುವ ಕಂಬ 8 ಸೆಕೆಂಡಿಗೆ ಬಿಟ್ಟರೆ ಸಾಲೇ ಇಲ್ಲ. ನಕ್ಷೆಯಲ್ಲಿ ಗಡಿಯಿಂದ ಕಂಬದವರೆಗೆ ಎಷ್ಟು ಕಾರು ನಿಲ್ಲಬಹುದು ಅಳೆದು ನೋಡಿ. ಕಂಬ ಗಡಿಯ ಮೇಲೇ ಇದ್ದರೆ ಕೆಳಗೆ ರ‍್ಯಾಂಪಿನ ಬುಡಕ್ಕೆ ಇಳಿಸಿ ಅಂತ ಈಗಲೇ ಬರೆದುಕೊಡಿ, ನಕ್ಷೆಯಲ್ಲಿ ಅದು ಗೆರೆ ಬದಲಿಸಿದಷ್ಟೇ ಸುಲಭ. ಬಾಡಿಗೆ ಕಾರು, ಡೆಲಿವರಿ ಗಾಡಿಗಳು ಬೇಸ್‌ಮೆಂಟಿಗೆ ಇಳಿಯೋದೇ ಇಲ್ಲ, ಅವಕ್ಕೆ ಕಾಂಪೌಂಡ್ ಒಳಗೇ ನಿಲ್ಲೋ ಜಾಗ ಬೇಕು.

---

ಯಂತ್ರಮಹಡಿ

ಹೊಗೆ, ಸದ್ದು, ಮಳೆನೀರು, ಬೆಳಕು, ಇವಿಷ್ಟಕ್ಕೆ ನನ್ನ ಮಾತು.

ಬೇಸ್‌ಮೆಂಟ್ ಪ್ರತಿ ಮಹಡಿ 2,400 ಚದರ ಮೀಟರ್, ಎತ್ತರ ಹೆಚ್ಚೆಂದರೆ 3 ಮೀಟರ್ ಎಂದು ಹಿಡಿಯಿರಿ, ಅಂದರೆ 7,200 ಘನ ಮೀಟರ್ ಗಾಳಿ. ಗಂಟೆಗೆ ಆರು ಸಲ ಬದಲಿಸುವ ಲೆಕ್ಕ ಹಿಡಿದರೆ ಸೆಕೆಂಡಿಗೆ 12 ಘನ ಮೀಟರ್, ಮೂರು ಮಹಡಿಗೆ 36. ಸೆಕೆಂಡಿಗೆ 2.5 ಮೀಟರ್ ವೇಗದಲ್ಲಿ ಹೊರಬಿಟ್ಟರೂ 14 ಚದರ ಮೀಟರಿನ ಜಾಲರಿ ಬೇಕು. ಅಷ್ಟು ದೊಡ್ಡ ಬಾಯಿ ಎಲ್ಲಿ ತೆರೆಯುತ್ತದೆ? ಹಿಂಬದಿ ಎಂದು ನಕ್ಷೆಯಲ್ಲಿ ಬರೆದಿದ್ದರೆ ಆ ಹಿಂಬದಿ ಎಂದರೆ ಪಕ್ಕದ ಮನೆಯ ಮಲಗುವ ಕೋಣೆಯ ಕಿಟಕಿ ಆಗಿರಬಹುದು. ಜನರೇಟರ್ ಹೊಗೆಕೊಳವೆ ಹೊಸ ಕಟ್ಟಡದ ತುದಿಯ ಚಾವಣಿ ದಾಟಿ ಹೋಗಬೇಕು. ಆಫೀಸು ಭಾಗದ ಆರನೇ ಮಹಡಿಯ ಮೇಲೆ ನಿಲ್ಲಿಸಿದರೆ ಅಪಾರ್ಟ್‌ಮೆಂಟಿನವರಿಗೂ ಅದೇ ಹೊಗೆ.

ಆಫೀಸಿನ ದೊಡ್ಡ ಚಿಲ್ಲರ್ (ಎಸಿಗೆ ತಣ್ಣೀರು ಮಾಡುವ ಯಂತ್ರ) ಸಂಜೆಗೆ ನಿಲ್ಲುತ್ತದೆ. ಸರ್ವರ್ ಕೋಣೆಯ ಸಣ್ಣ ಎಸಿ ಘಟಕಗಳು ನಿಲ್ಲುವುದಿಲ್ಲ, ಇಪ್ಪತ್ನಾಲ್ಕು ಗಂಟೆಯೂ ಓಡುತ್ತವೆ. ಅವನ್ನು ಆಫೀಸು ಬಾಡಿಗೆಗೆ ಬಂದವರು ಆಮೇಲೆ ಪಕ್ಕದ ಗೋಡೆಗೆ ತೂಗುಹಾಕುತ್ತಾರೆ, ಮೂಲ ನಕ್ಷೆಯಲ್ಲಿ ಅವು ಇರುವುದೇ ಇಲ್ಲ. ಹೊರಘಟಕಗಳಿಗೆ ಚಾವಣಿಯಲ್ಲೋ ಒಳಚೌಕದಲ್ಲೋ ಜಾಗ ಈಗಲೇ ಗುರುತಿಸಿ, ಹಳೆ ಕಟ್ಟಡದ ಕಡೆಯ ಮುಖಕ್ಕೆ ನಿಷೇಧ ಎಂದು ಬರೆಸಿಕೊಳ್ಳಿ. ಚಿಲ್ಲರ್ ಅಡಿಗೆ ಬರೀ ರಬ್ಬರ್ ತುಂಡು ಸಾಲದು. ತೂಕಕ್ಕೆ 25 ಮಿ.ಮೀ. ಕುಗ್ಗುವ ಸ್ಪ್ರಿಂಗ್ ಕೊಟ್ಟರೆ ಅದರ ಸ್ವಂತ ಕಂಪನ 3 ಹರ್ಟ್ಸ್ ಆಸುಪಾಸಿಗೆ ಇಳಿಯುತ್ತದೆ, ಯಂತ್ರದ ಗುಂಯ್ ಶಬ್ದ ಬಹುಮಟ್ಟಿಗೆ ಕೆಳಗಿನ ಸ್ಲ್ಯಾಬಿಗೆ ದಾಟುವುದಿಲ್ಲ.

ಕೆಲಸದ ಸಮಯದ ಸದ್ದಿಗೆ ಗಡಿಯಲ್ಲಿ ತಗಡು ನಿಲ್ಲಿಸುತ್ತಾರೆ. ಯಂತ್ರ ಕಣ್ಣಿಗೆ ಬೀಳದಷ್ಟು ಎತ್ತರವಿದ್ದು, ಬುಡದಲ್ಲಿ ಸಂದಿಯಿಲ್ಲದಿದ್ದರೆ ಸುಮಾರು 10 ಡೆಸಿಬೆಲ್ ತಗ್ಗುತ್ತದೆ. ಯಂತ್ರದ ತಲೆಭಾಗ ಮಾತ್ರ ತಗಡಿನ ಮೇಲೆ ಕಾಣುತ್ತಿದ್ದರೆ 5. ನಾಲ್ಕನೇ ಮಹಡಿಯವರಿಗೆ ಅದರಿಂದ ಏನೂ ಉಪಯೋಗವಿಲ್ಲ, ಅವರಿಗೆ ಯಂತ್ರ ನೇರ ಕಾಣುತ್ತದೆ. ಕಂಪ್ರೆಸರ್, ಜನರೇಟರುಗಳನ್ನು ಸೈಟಿನ ಆಚೆ ತುದಿಗೆ ಹಾಕಿಸುವುದೇ ಅವರಿಗೆ ದಾರಿ. ದೂರ ಎರಡು ಪಟ್ಟಾದರೆ 6 ಡೆಸಿಬೆಲ್ ಕಡಿಮೆ.

ಮಳೆನೀರು. ಗಂಟೆಗೆ 50 ಮಿ.ಮೀ. ಮಳೆ 2,400 ಚದರ ಮೀಟರಿಗೆ ಬಿದ್ದರೆ 120 ಘನ ಮೀಟರ್. ಮಣ್ಣು, ಗಿಡ ಇದ್ದಾಗ ಶೇ 30 ಹರಿದರೆ 36, ಗಡಿಯಿಂದ ಗಡಿಗೆ ಕಾಂಕ್ರೀಟ್ ಆದ ಮೇಲೆ ಶೇ 90, ಅಂದರೆ 108. ಹೆಚ್ಚಾದ 72 ಘನ ಮೀಟರ್ ಹಿಡಿದಿಟ್ಟು ನಿಧಾನ ಬಿಡುವ ತೊಟ್ಟಿ ಅವರ ನಕ್ಷೆಯಲ್ಲಿ ಇರಬೇಕು. ಕೆಳಗೆ ಬೇಸ್‌ಮೆಂಟ್ ಇರುವುದರಿಂದ ಇಂಗಲು ನೆಲವೇ ಉಳಿದಿಲ್ಲ. ಕುಡಿಯುವ ನೀರಿಗೆ ತುಂಬಿಟ್ಟುಕೊಳ್ಳುವ ತೊಟ್ಟಿಯನ್ನೇ ಇದಕ್ಕೂ ತೋರಿಸಿದರೆ ಒಪ್ಪಬಾರದು. ತುಂಬಿದ ತೊಟ್ಟಿ ಮಳೆಯನ್ನು ಹಿಡಿಯುವುದಿಲ್ಲ.

ಬೆಳಕಿಗೆ ಒಂದು ಸರಳ ಪರೀಕ್ಷೆ: ಕೆಳಮಹಡಿಯ ಕಿಟಕಿಯ ನಡುಮಧ್ಯದಿಂದ ಹೊಸ ಕಟ್ಟಡದ ತುದಿಗೆ ನೋಡಿದಾಗ ಕೋನ 25 ಡಿಗ್ರಿಗಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. ಹೊಸ ಗೋಡೆ 9 ಮೀಟರ್ ದೂರದಲ್ಲಿದೆ ಎಂದುಕೊಂಡರೂ ಅದು ಕಿಟಕಿಗಿಂತ ಬರೀ 4.2 ಮೀಟರ್ ಎತ್ತರ. ಹದಿನೈದು ಮಹಡಿ ಅದನ್ನು ದಾಟಿಯೇ ದಾಟುತ್ತದೆ. ಹಾಗಾಗಿ ಪ್ರತಿ ಕಿಟಕಿಗೂ ಆಕಾಶ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಕೇಳಿ. ಉಳಿಯುವುದು ಈಗಿರುವುದರ ಶೇ 80ಕ್ಕಿಂತ ಕಡಿಮೆಯಾದರೆ ಕೋಣೆ ಮಂಕಾದದ್ದು ಎದ್ದು ಕಾಣುತ್ತದೆ. ಮನೆಗಳ ಭಾಗವನ್ನು ಆಫೀಸಿನ ಚಾವಣಿಯ ಆಚೆ ಅಂಚಿಗೆ ಸರಿಸಿದರೆ ಅಥವಾ ಅದರ ಸಪೂರ ಬದಿಯನ್ನು ಈ ಕಡೆಗೆ ತಿರುಗಿಸಿದರೆ ಎಷ್ಟು ಉಳಿಯುತ್ತದೆ ಎಂಬುದನ್ನೂ ಅದರ ಪಕ್ಕದಲ್ಲೇ ಕೇಳಿ.

---

ಕಾಂಪೌಂಡ್‌ಪಕ್ಕ

ಎಲ್ಲರ ಉತ್ತರಗಳನ್ನೂ ಪತ್ರದಲ್ಲಿ ಸೇರಿಸುತ್ತಿದ್ದೇವೆ. ಕೊನೆಯದಾಗಿ, ಈ ಅಳತೆಗಳನ್ನು ಯಾವಾಗ ನಿಲ್ಲಿಸಬಹುದು? ರಾಫ್ಟ್ ಬಿದ್ದ ಮೇಲೆ ಸಾಕು ಎನ್ನುತ್ತಿದ್ದಾರೆ.

---

ಮಣ್ಣಿನಾಳ

ಸಾಲದು. ರಾಫ್ಟ್ ಬಿದ್ದ ಮೇಲೆ ಅಡ್ಡದಿಮ್ಮಿಗಳನ್ನು ಒಂದೊಂದಾಗಿ ತೆಗೆಯುತ್ತಾರೆ, ಆಗ ಭಾರ ದಿಮ್ಮಿಯಿಂದ ಬೇಸ್‌ಮೆಂಟ್ ಸ್ಲ್ಯಾಬಿಗೆ ವರ್ಗವಾಗುತ್ತದೆ. ಗೋಡೆ ಮತ್ತೊಮ್ಮೆ ಸರಿಯುವ ಹೊತ್ತು ಅದು. ಆ ಮಟ್ಟದ ಸ್ಲ್ಯಾಬು ಗಟ್ಟಿಯಾಗುವ ಮೊದಲು ದಿಮ್ಮಿ ಮುಟ್ಟಬಾರದು.

ಪಂಪು ಅದಕ್ಕೂ ಆಮೇಲೆ. ನೀರು ವಾಪಸ್ 4 ಮೀಟರಿಗೆ ಏರಿದರೆ ರಾಫ್ಟ್ ತಳಕ್ಕೆ 6 ಮೀಟರ್ ನೀರಿನ ಒತ್ತು, ಚದರ ಮೀಟರಿಗೆ ಸುಮಾರು 60 ಕಿಲೋನ್ಯೂಟನ್ ಮೇಲಕ್ಕೆ. ಒಂದೂವರೆ ಮೀಟರ್ ರಾಫ್ಟ್ ತೂಕ 36. ಉಳಿದ 24ನ್ನು ಮೇಲಿನ ಸ್ಲ್ಯಾಬುಗಳ ತೂಕ ತುಂಬಬೇಕು, ಮೇಲೆ ಸ್ವಲ್ಪ ಹೆಚ್ಚೇ ಇರಬೇಕು. ಸ್ಲ್ಯಾಬಿಗೆ 10 ಎಂದು ಹಿಡಿದರೂ ಮೂರು ಸ್ಲ್ಯಾಬು ಬೇಕು, ಅಂದರೆ ನೆಲಮಹಡಿಯ ಸ್ಲ್ಯಾಬು ಬೀಳುವವರೆಗೆ ಪಂಪು ನಿಲ್ಲುವಂತಿಲ್ಲ. ಬೇಗ ನಿಲ್ಲಿಸಿದರೆ ಅವರ ಬೇಸ್‌ಮೆಂಟೇ ತೇಲುತ್ತದೆ. ಅಷ್ಟು ತಿಂಗಳು ನೀರಳತೆ ಕೊಳವೆಗಳ ಅಳತೆ ನಡೆಯುತ್ತಲೇ ಇರಬೇಕು, ಮತ್ತು ಕರೆಂಟು ಹೋದರೆ ಪಂಪು ನಡೆಸಲು ಜನರೇಟರ್ ಸೈಟಿನಲ್ಲೇ ಇರಬೇಕು.

ಪಂಪು ನಿಂತ ದಿನಾಂಕ ಬರೆದಿಟ್ಟುಕೊಳ್ಳಿ. ಅಲ್ಲಿಂದ ಆರು ತಿಂಗಳು ತಿಂಗಳಿಗೊಮ್ಮೆ ಬಿರುಕು, ಲೆವೆಲ್, ನೀರು ಮೂರನ್ನೂ ಅಳೆಯಿರಿ. ಸತತ ಮೂರು ತಿಂಗಳು ಅಳತೆಗಳು ಕೆಲಸಕ್ಕೆ ಮೊದಲಿನ ಏರಿಳಿತದೊಳಗೇ ನಿಂತರೆ ಆಮೇಲೆ ಬಿರುಕು ತುಂಬಿಸಿ ಬಣ್ಣ ಹೊಡೆಸಿ. ಅದಕ್ಕೆ ಮೊದಲು ತುಂಬಿಸಿಕೊಡುತ್ತೇವೆ ಎಂದು ಬಂದರೂ ಬೇಡ ಎನ್ನಿ.